ನೆರಳಿನ ಋಣ

ಕಳೆದ ತಿಂಗಳು ಒಂದು ಸಂಜೆ ನಾನು ಛಾಯಾಚಿತ್ರಗಳ ಪುಸ್ತಕವೊಂದನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕುಳಿತಿದ್ದೆ. ಬಾಗಿಲಲ್ಲಿ ಭಾವನವರ ಕೆಮ್ಮು ಕೇಳಿಸಿತು. ನನ್ನ ಕೈ ತಾನಾಗಿಯೇ ದಿನಪತ್ರಿಕೆಯನ್ನೆಳೆದು ಪುಸ್ತಕದ ಮೇಲೆ ಹರಡಿಬಿಟ್ಟಿತು. ಭಾವನವರು ಕಾಫಿ ಕುಡಿದರು, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಬೇಲೂರಿನ ದರ್ಪಣಸುಂದರಿಯನ್ನು ಮನಸಾರೆ ಹೊಗಳಿದರು, ಹೊರಟುಹೋದರು. ಕಲ್ಲಿನವಳನ್ನು ಗೋಡೆಗೆ ತೂಗುಹಾಕಿ ಕಾಗದದವಳನ್ನು ಮುಚ್ಚಿಟ್ಟ ನನ್ನ ನೀತಿ ಯಾವ ಬಗೆಯದು? ಆ ಪ್ರಶ್ನೆ ಮಾತ್ರ ಅವರೊಡನೆ ಹೊರಡಲಿಲ್ಲ.

ನಾನು ಮುಚ್ಚಿಟ್ಟ ಚಿತ್ರ ಅಮೆರಿಕದ ಎಡ್ವರ್ಡ್ ವೆಸ್ಟನ್ 1936ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ತೆಗೆದದ್ದು. ಬಾಗಿಲ ಬಳಿ ಹೆಣ್ಣೊಬ್ಬಳು ವಿವಸ್ತ್ರಳಾಗಿ ಕುಳಿತಿದ್ದಾಳೆ. ಮೊಣಕಾಲನ್ನು ತೋಳುಗಳಿಂದ ಬಳಸಿ ತಲೆ ತಗ್ಗಿಸಿದ್ದಾಳೆ. ಮುಖ ಕಾಣದು, ಬೈತಲೆ ಕಾಣುತ್ತದೆ. ಹಿಂದೆ ಬಾಗಿಲಿನ ಕತ್ತಲೆ, ಮೈಮೇಲೆ ಬಿಸಿಲು.

ಗ್ರೀಕ್ ಮೂಲದ ‘ಫೋಟೋಗ್ರಫಿ’ ಎಂಬ ಮಾತಿಗೆ ಬೆಳಕಿನ ಬರಹ ಎಂದು ಅರ್ಥ. ನಾವಾದರೋ ಅದನ್ನು ಛಾಯಾಗ್ರಹಣ, ನೆರಳನ್ನು ಹಿಡಿಯುವ ಕೆಲಸ, ಎಂದು ಕರೆದೆವು. ನಮ್ಮ ಮಾತಿನಲ್ಲಿಯೂ ಸತ್ಯವಿದೆ. ಎದುರಿನಿಂದ ಬಿದ್ದ ಬೆಳಕು ಮೈಯನ್ನು ಚಪ್ಪಟೆಯಾಗಿಸುತ್ತದೆ. ಅದೇ ಬೆಳಕು ಪಕ್ಕಕ್ಕೆ ಸರಿಯಲಿ. ಭುಜದ ಉಬ್ಬು, ಬೆನ್ನಿನ ತಗ್ಗು ಎರಡೂ ಮೂಡಿಬರುತ್ತವೆ. ಬೆಳಕು ಮೈಯನ್ನು ತೋರಿಸಿದರೆ, ನೆರಳು ಅದಕ್ಕೆ ತೂಕ ಕೊಡುತ್ತದೆ.

ಇಂಥ ಚಿತ್ರಗಳಲ್ಲಿ ನೆರಳೇ ಉಡುಗೆ ಎಂದು ಹೇಳುವವರುಂಟು. ಮುಖ ಮರೆಯಾದರೆ ಅದು ಒಬ್ಬಳ ದೇಹವಾಗಿ ಉಳಿಯದೆ ಶುದ್ಧ ಆಕಾರವಾಗುತ್ತದೆ, ನೋಡುವವನ ಮನಸ್ಸೂ ಶುದ್ಧವಾಗುತ್ತದೆ ಎಂಬುದು ಅವರ ವಾದ. ಇಂಗ್ಲೆಂಡಿನ ಬಿಲ್ ಬ್ರಾಂಟ್ 1961ರಲ್ಲಿ ಹೊರತಂದ ನಗ್ನಚಿತ್ರಗಳ ಪುಸ್ತಕದಲ್ಲಿ ಕೈಕಾಲುಗಳು ಕಡಲತೀರದ ಬಂಡೆಗಳಂತೆ ಕಾಣುತ್ತವೆ. ನೋಡಿ ನಾನೂ ಬೆರಗಾದೆ. ಆದರೆ ಮನುಷ್ಯಳನ್ನು ಬಂಡೆಯಾಗಿ ಕಂಡದ್ದು ಪೂರಾ ಗೌರವವೆ? ಮುಖವನ್ನು ಮರೆಸಿದ ನೆರಳು ಅವಳ ಮಾನವನ್ನು ಕಾಯುತ್ತದೆಯೋ, ನೋಡುವ ನಮ್ಮ ಸಂಕೋಚವನ್ನೋ?

ಶಿಲ್ಪಿ ತನ್ನ ಮನಸ್ಸಿನಲ್ಲಿದ್ದವಳನ್ನೇ ಕಲ್ಲಿಗೆ ಇಳಿಸಬಹುದು. ದರ್ಪಣಸುಂದರಿಗೆ ಚಳಿಯಿಲ್ಲ, ನಾಚಿಕೆಯಿಲ್ಲ, ಮನೆಯವರಿಲ್ಲ. ಛಾಯಾಗ್ರಾಹಕನಿಗೆ ಆ ಸೌಲಭ್ಯವಿಲ್ಲ. ಉಸಿರಾಡುವವಳೊಬ್ಬಳು ಬಂದು, ಒಪ್ಪಿ, ಆ ಬಿಸಿಲಿನಲ್ಲಿ ಕುಳಿತುಕೊಳ್ಳಲೇಬೇಕು. ಛಾಯಾಚಿತ್ರದ ಪ್ರತಿಯೊಂದು ನೆರಳೂ ಯಾರೋ ಒಬ್ಬರಿಂದ ಪಡೆದ ಸಾಲ.

ಸಾಂಟಾ ಮೋನಿಕಾದ ಚಿತ್ರದಲ್ಲಿ ಆ ಸಾಲ ಕೊಟ್ಟವರ ಹೆಸರು ಕ್ಯಾರಿಸ್ ವಿಲ್ಸನ್. ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2009ರಲ್ಲಿ. ಸ್ವತಃ ಬರಹಗಾರ್ತಿ, ಕ್ಯಾಲಿಫೋರ್ನಿಯವನ್ನು ಕುರಿತ ವೆಸ್ಟನ್ನರ ಚಿತ್ರಗಳ ಜೊತೆಗೆ 1940ರಲ್ಲಿ ಅಚ್ಚಾದ ಬರಹ ಅವರದು. ಎಷ್ಟೋ ವರ್ಷಗಳ ಮೇಲೆ ಅವರು ಈ ಚಿತ್ರವನ್ನು ನೆನೆದು ಬರೆದರು. ಬಲತೋಳಿನ ಮೇಲಿನ ನೆರಳು ವೆಸ್ಟನ್ನರಿಗೆ ಎಂದೂ ಸಮಾಧಾನ ತರಲಿಲ್ಲವಂತೆ. ತಮಗೆ ಸಮಾಧಾನ ತರದೆ ಇದ್ದದ್ದು ಸೊಟ್ಟ ಬೈತಲೆ ಮತ್ತು ಕೂದಲಿನ ಪಿನ್ನುಗಳಂತೆ!

ಓದಿ ನಕ್ಕುಬಿಟ್ಟೆ. ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಅಷ್ಟು ಹೊತ್ತು ನೋಡಿದ್ದರೂ ಆ ಪಿನ್ನುಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚಿತ್ರ ತೆಗೆದವರು ನೆರಳಿನ ತಪ್ಪನ್ನು ಕಂಡರು. ಕುಳಿತವರು ತಮ್ಮ ಬೈತಲೆಯನ್ನು ಕಂಡರು. ಬೆಳಿಗ್ಗೆ ಅವಸರದಲ್ಲಿ ತಲೆ ಬಾಚಿಕೊಂಡ ಯಾರಿಗಾದರೂ ಅರ್ಥವಾಗುವ ಬೇಸರ ಅದು. ಬಂಡೆಗೆ ಆ ಬೇಸರ ಬಾರದು.

ಇನ್ನೊಂದು ಸಂಗತಿ. ಈ ಬರಹದ ಮೊದಲಲ್ಲಿ ನಾನು ಅವರನ್ನು ‘ಹೆಣ್ಣೊಬ್ಬಳು’ ಎಂದು ಕರೆದಿದ್ದೆ. ಹೆಸರು ಬಂದ ಕೂಡಲೆ ಏಕವಚನ ಬಹುವಚನವಾಯಿತು. ಕನ್ನಡ ಕಲಿಸುವವನ ಕಿವಿಗೆ ಅದು ತಡವಾಗಿಯಾದರೂ ಕೇಳಿಸಲೇಬೇಕಲ್ಲ! ನಗ್ನತೆಯಿಂದ ಮರ್ಯಾದೆ ಹೋಗಿರಲಿಲ್ಲ. ಅಲ್ಲಿ ಒಬ್ಬರಿದ್ದಾರೆಂಬುದನ್ನು ನಾನು ಮರೆತದ್ದರಿಂದ ಹೋಗಿತ್ತು.

ಮುಂದಿನ ಸಲ ಭಾವನವರು ಬಂದಾಗ ಪುಸ್ತಕವನ್ನು ತೆರೆದೇ ಇಡುವೆನೆಂದು ಧೈರ್ಯವಾಗಿ ಹೇಳಲಾರೆ. ಇಟ್ಟದ್ದೇ ಆದರೆ, ನೆರಳುಬೆಳಕಿನ ಮಾತಿಗೆ ಮುಂಚೆ ಅವರ ಹೆಸರು ಹೇಳುತ್ತೇನೆ.