ಹಚ್ಚದ ಬೆಂಕಿಯ ಹೊಣೆ

ಕಾಡಿಗೆ ಬೆಂಕಿ ಇಡುವುದು ಪಾಪ ಎನ್ನುವ ವಿಷಯದಲ್ಲಿ ನಮ್ಮ ಪರಂಪರೆಗಳು ಅಷ್ಟಾಗಿ ಜಗಳವಾಡಿದಂತಿಲ್ಲ. ಜೈನ ಶ್ರಾವಕರು ಮಾಡಬಾರದ ಹದಿನೈದು ಕಸುಬುಗಳಲ್ಲಿ ದವದಾನ, ಅಂದರೆ ಕಾಡು ಸುಡುವುದು, ಹೆಸರು ಹೇಳಿಯೇ ಸೇರಿದೆ. ಮಹಾಭಾರತದ ಖಾಂಡವದಹನದಲ್ಲಿ ಅಗ್ನಿಯ ಅಜೀರ್ಣ ಕಳೆಯಲು ಇಡೀ ವನವೇ ಆಹುತಿಯಾಗುತ್ತದೆ. ಜೀವ ಉಳಿಸಿಕೊಳ್ಳಲು ಹೊರಗೋಡಿ ಬಂದ ಪ್ರಾಣಿಗಳನ್ನು ಕೃಷ್ಣಾರ್ಜುನರು ಬಿಡದೆ ಹೊಡೆಯುತ್ತಾರೆ. ಆದರೆ ಮಹಾಭಾರತ ಆ ಲೆಕ್ಕವನ್ನು ಅಲ್ಲಿಗೇ ಮುಚ್ಚುವುದಿಲ್ಲ. ಅಂದು ತಾಯಿಯನ್ನು ಕಳೆದುಕೊಂಡ ನಾಗ ಅಶ್ವಸೇನ ಕುರುಕ್ಷೇತ್ರದಲ್ಲಿ ಕರ್ಣನ ಬಾಣವೇರಿ ಬರುತ್ತಾನೆ. ಸುಟ್ಟವನಿಗೆ ಹೊಣೆ ತಪ್ಪದು, ಸರಿ. ನನ್ನ ತಕರಾರು ಇನ್ನೊಂದು ನಂಬಿಕೆಯ ಬಗ್ಗೆ: ಬೆಂಕಿ ಹಚ್ಚದೆ ಸುಮ್ಮನಿದ್ದವನ ಕೈ ತಾನಾಗಿ ಶುದ್ಧ ಎಂಬ ನಂಬಿಕೆ. ಬೆಂಕಿಯ ಜೊತೆಗೇ ಬೆಳೆದು ಬಂದ ಕಾಡುಗಳ ಮಟ್ಟಿಗೆ ಅದು ನಿಲ್ಲುವುದಿಲ್ಲ.

ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಬೆಟ್ಟದ ದೇವರು ರಂಗನಾಥನನ್ನು ಭಾವ ಎಂದು ಕರೆಯುವ ಆದಿವಾಸಿ ಸೋಲಿಗರು ಅಲ್ಲಿ ತಲೆಮಾರುಗಳಿಂದ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮುನ್ನ, ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುವಾಗ ಹಚ್ಚುವ ಬೆಂಕಿ ಅದು. ಉದುರಿದ ಎಲೆಯನ್ನು ತಿನ್ನುತ್ತಾ ನೆಲ ಹಿಡಿದೇ ಸಾಗುತ್ತದೆ, ಹಸಿ ಸಿಕ್ಕಲ್ಲಿ ಆರುತ್ತದೆ. ಮತ್ತಿ, ಹೊನ್ನೆಗಳ ದಪ್ಪ ತೊಗಟೆ ಹೊರಗೆ ಕರಿ ಹಿಡಿದರೂ ಒಳಗಿನ ಜೀವ ಬೇಯುವುದಿಲ್ಲ. ಹುಲ್ಲಿನ ಬೇರು ಮಣ್ಣಿನೊಳಗೆ ಕ್ಷೇಮವಾಗಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಕಡವೆ, ಕಾಟಿ ಮೇಯಲು ಬರುತ್ತವೆ. ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯನ್ನು ಹದ್ದಿನಲ್ಲಿಡುತ್ತಿದ್ದದ್ದೂ ಈ ಬೆಂಕಿಯೇ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. 1997ರಲ್ಲಿ ಸಮೀಕ್ಷೆ ಮಾಡಿದ ತಾಕುಗಳನ್ನು ಸಂಶೋಧಕರು 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಎಂಬ ಕಳೆಪೊದೆ ಹೊಕ್ಕ ತಾಕುಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣ ಎಂದರೆ ಅವಸರದ ಮಾತಾದೀತು. ಹಣ್ಣು ತಿಂದು ಬೀಜ ಹರಡುವ ಹಕ್ಕಿಗಳ ಪಾಲೂ ಇದೆ. ಆದರೆ ಎಳೆಯ ಲಂಟಾನ ತರಗು ಬೆಂಕಿಗೆ ಸಿಕ್ಕಿ ಸಾಯುತ್ತಿತ್ತು ಎಂಬ ಸೋಲಿಗರ ವಿವರಣೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಸಮುದ್ರದಾಚೆಯ ಸಾಕ್ಷ್ಯ ಇನ್ನೂ ಖಾರವಾಗಿದೆ. ಕ್ಯಾಲಿಫೋರ್ನಿಯ 1850ರಲ್ಲೇ ಕಾನೂನು ಮಾಡಿ ಮೂಲನಿವಾಸಿಗಳು ಹುಲ್ಲುಗಾವಲು ಸುಡುವುದನ್ನು ತಡೆಯಿತು. ಅಲ್ಲಿನ ದೈತ್ಯ ಸಿಕ್ವೊಯಾ ಮರಗಳು ಸಾವಿರಾರು ವರ್ಷಗಳಲ್ಲಿ ಸಣ್ಣ ಬೆಂಕಿಗಳನ್ನು ಎಷ್ಟೋ ಸಲ ಕಂಡಿದ್ದವು. ಅವುಗಳ ಕಾಯಿ ಬಿರಿದು ಬೀಜ ಚೆಲ್ಲುವುದೂ ಬಿಸಿ ತಾಗಿದಾಗಲೇ ಹೆಚ್ಚು. ನೂರು ವರ್ಷ ಬೆಂಕಿಯನ್ನು ಹೊರಗಿಟ್ಟಾಗ ಬುಡದಲ್ಲಿ ಸೌದೆ ರಾಶಿಬಿತ್ತು. ಬರವೂ ಕೂಡಿಕೊಂಡು, 2020ರ ಕ್ಯಾಸಲ್ ಬೆಂಕಿ ಏಳು ಸಾವಿರಕ್ಕೂ ಹೆಚ್ಚು ಹಿರಿಯ ಮರಗಳನ್ನು ಕೊಂದಿತೆಂದು ಅಂದಾಜು. ಅವನ್ನು ಕಾಪಾಡುತ್ತಿದ್ದೇವೆ ಎಂದುಕೊಂಡವರೇ ಸೌದೆ ಒಟ್ಟಿದಂತಾಯಿತು.

ಧರ್ಮಗ್ರಂಥಗಳು ಇದಕ್ಕೆ ಏನನ್ನುತ್ತವೆ? ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವವನೇ ತಿಳಿದವನು ಎಂಬುದು ಗೀತೆಯ ನಿಲುವು. ನನಗೆ ಅದಕ್ಕಿಂತ ಕೆಲಸಕ್ಕೆ ಬರುವುದು ಜೈನರ ತತ್ತ್ವಾರ್ಥಸೂತ್ರದ ಹಿಂಸೆಯ ಲಕ್ಷಣ: ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದೇ ಹಿಂಸೆ. ಇಲ್ಲಿ ತೂಗುವುದು ಕೈ ಆಡಿತೋ ಇಲ್ಲವೋ ಎಂಬುದನ್ನಲ್ಲ, ಮನಸ್ಸು ಎಚ್ಚರವಾಗಿತ್ತೋ ಇಲ್ಲವೋ ಎಂಬುದನ್ನು. ಸೂತ್ರಕಾರರ ಮುಂದೆ ಕಾಡಿನ ಪ್ರಶ್ನೆ ಇರಲಿಲ್ಲ, ನಿಜ. ಈ ಅನ್ವಯ ನನ್ನದು. ಆದರೂ ತರಗು ಮಂಡಿಯುದ್ದ ಬೆಳೆಯುವುದನ್ನು ಕಂಡೂ ಕಾಣದಂತೆ ಇರುವ ಅರಣ್ಯ ಇಲಾಖೆ, ಅದನ್ನೇ ಪರಿಸರಪ್ರೇಮವೆಂದು ಮೆಚ್ಚುವ ನಗರದ ನಾವು, ಪ್ರಮಾದದಿಂದ ಹೊರಗಿದ್ದೇವೆ ಎನ್ನಲು ಬಾಯಿ ಬರುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ಬರುವುದೂ ಜೈನರಿಂದಲೇ. ಹನ್ನೆರಡನೆಯ ಶತಮಾನದ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ದವದಾನವನ್ನು ಎರಡು ಬಗೆ ಮಾಡುತ್ತಾರೆ: ಚಟಕ್ಕೆ ಸುಡುವುದು, ಪುಣ್ಯ ಬರುತ್ತದೆಂದು ಸುಡುವುದು. ಎರಡೂ ಕೂಡದು. ಒಳ್ಳೆಯದಾಗಲಿ ಎಂದು ಸುಡುತ್ತೇನೆ ಎನ್ನುವವನ ಬಾಯಿಯನ್ನು ಅವರು ಮೊದಲೇ ಕಟ್ಟಿದ್ದಾರೆ. ತಣ್ಣನೆಯ ತರಗು ಬೆಂಕಿಯಲ್ಲೂ ಬಸವನಹುಳು, ಮೊಟ್ಟೆ, ಎಳೆ ಸಸಿ ಸಾಯುತ್ತವೆ; ಅದನ್ನು ಮುಚ್ಚಿಟ್ಟು ವಾದ ಗೆಲ್ಲಬಾರದು. ನಾನು ಹೇಮಚಂದ್ರರ ಮಾತನ್ನು ಅರ್ಧ ಒಪ್ಪುತ್ತೇನೆ. ಸುಡುವುದು ಪುಣ್ಯವಲ್ಲ, ಪುಣ್ಯವೆಂದುಕೊಂಡು ಸುಡುವವನಷ್ಟು ಅಪಾಯದವನು ಇನ್ನೊಬ್ಬನಿಲ್ಲ. ಆದರೆ ಸುಡದಿರುವುದಕ್ಕೂ ಅದೇ ನಿಯಮ ಸಲ್ಲಬೇಕಲ್ಲ? ಖಾಂಡವದ ಬೆಂಕಿಗೂ ತರಗು ಬೆಂಕಿಗೂ ಇರುವ ಅಂತರ ಮುಖ್ಯವಾಗುವುದು ಇಲ್ಲಿ. ಅಲ್ಲಿ ದಾರಿಗಳನ್ನೆಲ್ಲ ಕಟ್ಟಿ ಸುಟ್ಟರು. ಇಲ್ಲಿ ಕಾಡಿನ ಒಂದೊಂದು ತುಂಡು ಮಾತ್ರ ಉರಿಯುತ್ತದೆ, ಜಿಂಕೆ ಪಕ್ಕಕ್ಕೆ ಸರಿಯುತ್ತದೆ, ಹಾವು ಬಿಲ ಸೇರುತ್ತದೆ.

ಕಿಡಿ ಹಚ್ಚಲು ಅನುಮತಿ ಕೊಟ್ಟರೆ ಬೆಂಕಿ ಹಾಕುವ ದುಷ್ಟರಿಗೂ ರಹದಾರಿ ಕೊಟ್ಟಂತೆ ಎಂಬ ಭಯವೂ ಇದೆ. ಆದರೆ 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿನ ಸಾವಿರಾರು ಎಕರೆ ಉರಿದದ್ದು ನಿಷೇಧ ಇದ್ದಾಗಲೇ. ಅಷ್ಟಕ್ಕೂ ಇಲಾಖೆಯೇ ಬೇಸಿಗೆಗೆ ಮುಂಚೆ ಬೆಂಕಿರೇಖೆಗಳನ್ನು ಸುಡುತ್ತದೆ; ಬೆಂಕಿಯನ್ನು ತಡೆಯಲು ಬೆಂಕಿ ಬೇಕೆಂಬುದು ಅದಕ್ಕೆ ಗೊತ್ತು. ಉಳಿದದ್ದು ಎಲ್ಲಿ, ಯಾವಾಗ, ಯಾರ ಕೈಯಿಂದ ಎಂಬ ಪ್ರಶ್ನೆ. ಶೋಲಾ ಕಾಡಿಗೆ, ಬೆಟ್ಟದ ದೊಡ್ಡ ಸಂಪಿಗೆ ಮರ ನಿಂತಿರುವಂಥ ಹೊಳೆಯಂಚಿನ ತಂಪು ಜಾಗಕ್ಕೆ ಬೆಂಕಿ ಸಲ್ಲದು. ಆ ಮರಗಳಿಗೆ ಬೆಂಕಿಯ ಒಡನಾಟವಿಲ್ಲ. ಎಲೆ ಉದುರುವ ಒಣಕಾಡಿನಲ್ಲೂ ಇವತ್ತು ನೇರವಾಗಿ ಕಡ್ಡಿ ಗೀರುವಂತಿಲ್ಲ. ಆಳೆತ್ತರದ ಲಂಟಾನ ಪೊದೆ ಜ್ವಾಲೆಯನ್ನು ಮರದ ನೆತ್ತಿಗೆ ಹತ್ತಿಸುತ್ತದೆ, ಸುಟ್ಟ ಮೇಲೂ ಬುಡದಿಂದ ಚಿಗುರುತ್ತದೆ. ಮೊದಲು ಅದನ್ನು ಬೇರುಸಹಿತ ಕೀಳಬೇಕು, ಹುಲ್ಲು ಮರಳಬೇಕು, ಆಮೇಲೆ ಬೆಂಕಿ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಇನ್ನು ಯಾರ ಕೈಯಿಂದ ಎಂದರೆ, ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಆದರೆ ಗಾಳಿ ನೋಡಿ, ಹುಲ್ಲಿನ ಬುಡ ಮುಟ್ಟಿ ಹದ ಹೇಳಬಲ್ಲವರು ಅವರಲ್ಲಿ ಈಗ ಮುದುಕರಾಗಿದ್ದಾರೆ.