ವಿವರ ಸಾಲದು

ನಿವೃತ್ತನಾದ ಮೇಲೆ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯ ಅಕ್ಷರ ಜೋಡಣೆ ನನ್ನ ಕೊರಳಿಗೆ ಬಿತ್ತು. ಹಲವು ದೇಶಗಳ ಸ್ವಯಂಸೇವಕರು ಕೂಡಿ ಕಟ್ಟಿದ, ದುಡ್ಡು ಕೊಡದೆ ಸಿಗುವ ಮುಕ್ತ ತಂತ್ರಾಂಶವೊಂದರಲ್ಲಿ ಕೆಲಸ. ಎಲ್ಲ ಸರಿ, ಆದರೆ ‘ರ‍್ಯಾಂಕ್’ ಎಂದು ಬರೆಯಹೋದರೆ ರಕಾರ ಮುಂದೆ ನಿಲ್ಲದೆ, ಅರ್ಕಾವತ್ತಾಗಿ ‘ಯಾ’ದ ಬೆನ್ನಿಗೆ ಹೋಗಿ ಕೂರುತ್ತಿತ್ತು. ಸಿಟ್ಟು ಬಂತು. ‘ನಿಮ್ಮಲ್ಲಿ ಕನ್ನಡ ಸರಿಯಿಲ್ಲ’ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲಿನ ದೂರು ಕಳಿಸಿದೆ.

ಯಾರೋ ಸ್ವಯಂಸೇವಕ ಕೇಳಿದ: ಯಾವ ಆವೃತ್ತಿ? ಯಾವ ಫಾಂಟು? ಯಾವ ಕೀಲಿಮಣೆ? ಏನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು? ‘ಇವನೇನಪ್ಪಾ, ನನಗೇ ಇನ್‌ಸ್ಪೆಕ್ಷನ್ ಮಾಡ್ತಾನೆ’ ಎಂದು ಸುಮ್ಮನಾದೆ. ಕೆಲವು ತಿಂಗಳ ಮೇಲೆ ದೂರು ಮುಚ್ಚಿತು. ಷರಾ: ‘ಅಪೂರ್ಣ’.

ಈ ಷರಾ ನನಗೆ ಹೊಸದಲ್ಲ. 1985ರಲ್ಲಿ ನಾನು ಫೋರ್ಟಿನ ಒಂದು ಶಾಖೆಯಲ್ಲಿದ್ದೆ. ಕುಂದಾಪುರ ಕಡೆಯ ಹೋಟೆಲ್ ಹುಡುಗನೊಬ್ಬ ಕೌಂಟರಿಗೆ ಬಂದ. ‘ಅಮ್ಮನಿಗೆ ಕಳಿಸಿದ ದುಡ್ಡು ಮುಟ್ಟಲಿಲ್ಲ ಸಾರ್.’ ಯಾವ ದಿನ, ಯಾವ ಶಾಖೆ, ಚೀಟಿ ಎಲ್ಲಿ, ಒಂದೂ ಇಲ್ಲ. ಹಿಂದೆ ಉದ್ದ ಸಾಲು. ‘ವಿವರ ಸಾಲದು’ ಎಂದು ಬರೆದು ಕಾಗದ ಫೈಲಿಗೆ ಸೇರಿಸಿದೆ. ಅವನು ಮತ್ತೆ ಬರಲಿಲ್ಲ.

ಹಾಗಾದರೆ ಅರೆಬರೆ ದೂರನ್ನು ಮುಚ್ಚುವುದು ತಪ್ಪೇ? ತಪ್ಪೆನ್ನಲಾರೆ. ಸಂಬಳವಿಲ್ಲದೆ ದುಡಿಯುವವನು ನನ್ನ ಒಂದು ಸಾಲಿನ ಹಿಂದೆ ಅಲೆದರೆ, ಪೂರ್ತಿ ವಿವರ ಕೊಟ್ಟವನ ಕೆಲಸ ಕೆಡುತ್ತದೆ. ಆದರೆ ‘ವಿವರ ಸಾಲದು’ ಬೇರೆ, ‘ದೋಷವೇ ಇಲ್ಲ’ ಬೇರೆ. ಹುಡುಗನ ದುಡ್ಡು ಕಳೆದದ್ದು ಸುಳ್ಳಾಗಿರಲಿಲ್ಲ. ಅದನ್ನು ಹೇಳುವ ಬಗೆ ಅವನಿಗೆ ಗೊತ್ತಿರಲಿಲ್ಲ. ಪರಊರಿನಲ್ಲಿರುವವನ ದೂರು ಬಹುಪಾಲು ಅರ್ಧವೇ. ಯಾವ ವಿವರ ಬೇಕೆಂಬುದು ಒಳಗೆ ಕೂತವನಿಗೆ ಮಾತ್ರ ಗೊತ್ತು. ಆದ್ದರಿಂದ ಕೇಳುವ ಹೊಣೆಯೂ ಮೊದಲು ಅವನದೇ. ಕೇಳಿದ ಮೇಲೆ ಉತ್ತರಿಸುವ ಹೊಣೆ ನಮ್ಮದು.

ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಸಂಬಳ ತೆಗೆದುಕೊಂಡ ನಾನು ಆ ಹುಡುಗನನ್ನು ‘ಯಾವ ತಿಂಗಳು ಕಳಿಸಿದ್ದು ಮಾರಾಯ? ನಿಮ್ಮೂರಿಗೆ ಹತ್ತಿರದ ಬ್ಯಾಂಕು ಯಾವುದು?’ ಎಂದು ಕೇಳಲಿಲ್ಲ. ಕೇಳಿದ್ದರೆ ರಿಜಿಸ್ಟರ್ ತೆಗೆದು ನೋಡಬಹುದಿತ್ತು. ಸಂಬಳವಿಲ್ಲದ ಆ ಸ್ವಯಂಸೇವಕ ಕೇಳಿದ. ನಾನು ಉತ್ತರ ಕೊಡಲಿಲ್ಲ.

ಮೊನ್ನೆ ಕೂತು ಎಲ್ಲ ವಿವರ ಬರೆದೆ. ಆ ಪದವಿದ್ದ ಪುಟವನ್ನೂ ಲಗತ್ತಿಸಿದೆ. ಮುಚ್ಚಿದ ದೂರು ತೆರೆಯಿತು. ಎರಡು ದಿನದಲ್ಲಿ ಉತ್ತರ: ಯೂನಿಕೋಡಿನಲ್ಲಿ ‘ರ‍್ಯಾ’ ಬರಬೇಕಾದರೆ ರಕಾರಕ್ಕೂ ಅದರ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇರಬೇಕು, ನನ್ನ ಕೀಲಿಮಣೆ ಅದನ್ನು ಹಾಕುತ್ತಿರಲಿಲ್ಲ. ತಂತ್ರಾಂಶದ ತಪ್ಪಲ್ಲ, ನನ್ನ ದೂರೂ ಸುಳ್ಳಲ್ಲ. ನಡುವೆ ಒಂದು ಕಾಣದ ಅಕ್ಷರ ಬಿಟ್ಟುಹೋಗಿತ್ತು, ಅಷ್ಟೆ.

ಸಂಚಿಕೆಯಲ್ಲಿ ‘ರ‍್ಯಾಂಕ್’ ಈಗ ಸರಿಯಾಗಿದೆ. ಕುಂದಾಪುರದ ಆ ಕಾಗದವನ್ನು ತೆರೆಯಲು ಮಾತ್ರ ದಾರಿಯಿಲ್ಲ. ಅವನ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ.