ಋಣ, ಸತ್ಯ ಮತ್ತು ವೈಮಾನಿಕನ ವೃತ್ತಿ

ಗೃಹಸ್ಥನು ಧರ್ಮಾಚರಣೆಗೆ ಅರ್ಹನಾಗಬೇಕಾದರೆ ಅವನಲ್ಲಿರಬೇಕಾದ ಗುಣಗಳನ್ನು ಎಣಿಸುವಾಗ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಮೊದಲ ಸ್ಥಾನವನ್ನು ಕೊಟ್ಟಿರುವುದು ನ್ಯಾಯದಿಂದ ಗಳಿಸಿದ ಧನಕ್ಕೆ. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿ ಬರುವ ಮೂವತ್ತೈದು ಗುಣಗಳ ಪಟ್ಟಿಯೂ ಅಲ್ಲಿಂದಲೇ ಆರಂಭವಾಗುತ್ತದೆ, ಆದಾಯಕ್ಕೆ ತಕ್ಕ ವ್ಯಯವೂ ಅದೇ ಪಟ್ಟಿಯಲ್ಲಿದೆ. ಧರ್ಮಗ್ರಂಥದಲ್ಲಿ ಹಣದ ಮಾತು ಇಷ್ಟು ಮುಂಚೆ ಬಂದುದು ಮೊದಲ ಓದಿಗೆ ವಿಚಿತ್ರವೆನಿಸಬಹುದು. ಆದರೆ ಗೃಹಸ್ಥನ ಮನಸ್ಸು ಕೆಡುವುದು ಬಹುಮಟ್ಟಿಗೆ ಹಣದ ಬಾಗಿಲಿನಿಂದಲೇ ಎಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು.

ಅವರು ಮಾತನಾಡಿದ್ದು ಗಳಿಸಿದ ಧನದ ಬಗ್ಗೆ. ಇನ್ನೂ ಗಳಿಸದ ಧನದ ಬಗ್ಗೆ, ಅಂದರೆ ಮುಂದೆ ಬರಬಹುದಾದ ಸಂಬಳವನ್ನು ನಂಬಿ ಇಂದೇ ಮಾಡುವ ಸಾಲದ ಬಗ್ಗೆ, ಶ್ರಾವಕನ ನಿಲುವು ಏನಿರಬೇಕು? ಈ ಪ್ರಶ್ನೆ ಇಂದಿನ ಅನೇಕ ವಿದ್ಯಾಭ್ಯಾಸಗಳಿಗೆ ಅನ್ವಯಿಸುತ್ತದೆಯಾದರೂ ವಿಮಾನ ಚಾಲಕನ ವೃತ್ತಿಯಲ್ಲಿ ಅದು ತೋರುವಷ್ಟು ತೀಕ್ಷ್ಣವಾಗಿ ಬೇರೆಡೆ ತೋರುವುದು ವಿರಳ.

ಭಾರತದಲ್ಲಿ ವಾಣಿಜ್ಯ ವಿಮಾನ ಚಾಲಕನ ಪರವಾನಗಿ ಪಡೆಯಲು 200 ಗಂಟೆಗಳ ಹಾರಾಟದ ಅನುಭವ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತರೂ ರಾಯಬರೇಲಿ ಸಮೀಪದ ಫುರ್ಸತ್‌ಗಂಜ್‌ನಲ್ಲಿ ಕಲಿತರೂ ಹೊರದೇಶಕ್ಕೆ ಹೋಗಿ ಕಲಿತರೂ ಹಾರುವ ಪ್ರತಿ ಗಂಟೆಗೂ ಬೆಲೆಯಿದೆ. ಒಟ್ಟು ವೆಚ್ಚ ಇಂದು ಹಲವು ಹತ್ತು ಲಕ್ಷ ರೂಪಾಯಿಗಳನ್ನು ಮುಟ್ಟುತ್ತದೆ. ಪರವಾನಗಿ ಕೈಗೆ ಬಂದ ದಿನ ಕೆಲಸ ಬಂದಂತಲ್ಲ. ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ನಿರ್ದಿಷ್ಟ ವಿಮಾನವನ್ನು ನಡೆಸುವ ಅರ್ಹತೆಯನ್ನು ಬೇರೆಯಾಗಿ ಸಂಪಾದಿಸಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ ಹಣ. ಒಂದು ಮಾದರಿಗೆ ಪಡೆದ ಅರ್ಹತೆ ಇನ್ನೊಂದಕ್ಕೆ ಸಲ್ಲದು. ಕೆಲಸಕ್ಕಾಗಿ ಕಾಯುವ ಕಾಲದಲ್ಲಿ ಅರ್ಹತೆಗಳ ಅವಧಿ ಮುಗಿಯುತ್ತ ಬರುತ್ತದೆ. ಅವುಗಳ ನವೀಕರಣಕ್ಕೂ ವೈದ್ಯಕೀಯ ಪರೀಕ್ಷೆಗೂ ಖರ್ಚು ತಪ್ಪದು. ಇಷ್ಟರಲ್ಲಿ ತಂದೆಯ ತೋಟವೋ ಮನೆಯೋ ಬ್ಯಾಂಕಿನ ಅಡಮಾನಕ್ಕೆ ಹೋಗಿರುತ್ತದೆ.

ಕೆಲಸ ಸಿಕ್ಕಿದವನ ನೆಲವೂ ಗಟ್ಟಿಯಲ್ಲ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಸಂಬಳ ಬಾಕಿಯಿರುವಾಗಲೇ ಮುಚ್ಚಿಹೋದ ಈ ಸಂಸ್ಥೆಗಳ ಚಾಲಕರು ತಿಂಗಳ ಕಂತು ಕಟ್ಟಲು ಒದ್ದಾಡಿದರು. ಇವುಗಳ ನಡುವೆ 2020ರ ಮಾರ್ಚ್ 25ರಿಂದ ಎರಡು ತಿಂಗಳ ಕಾಲ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನೆಲದ ಮೇಲೇ ನಿಂತವು. ಸಂಸ್ಥೆ ಮುಳುಗಿದರೆ ಅದಕ್ಕೆ ದಿವಾಳಿ ಕಾನೂನಿನ ಆಶ್ರಯವಿದೆ. ಚಾಲಕನ ಸಾಲ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಹಾಗಾದರೆ ಆಕಾಶದ ಆಸೆಯೇ ಪರಿಗ್ರಹವೇ? ಕೆಲವು ಹಿರಿಯರು ಹಾಗೆಂದೇ ತೀರ್ಪು ಕೊಡುವುದುಂಟು. ದಿಗ್ವ್ರತದ ಅತಿಚಾರಗಳಲ್ಲಿ ಊರ್ಧ್ವದಿಕ್ಕಿನ ಮಿತಿಯನ್ನು ಮೀರುವುದೂ ಒಂದು ಎಂದು ಅವರು ನೆನಪಿಸಬಹುದು. ಮಾತು ಸೊಗಸಾಗಿದೆ, ಆದರೆ ಇಲ್ಲಿ ಅದು ಪ್ರಸ್ತುತವಲ್ಲ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ನೋಡದೆ ವಸ್ತುವಿನ ಕುರಿತಾದ ಮೂರ್ಛೆಯಲ್ಲಿ ನೋಡಿದರು. ಒಂದು ವಿದ್ಯೆಯಲ್ಲಿ ನಿಜವಾದ ಒಲವುಳ್ಳ ತರುಣನಿಗೆ ಆ ಒಲವೇ ಮೂರ್ಛೆಯಾಗಬೇಕೆಂದಿಲ್ಲ. ಸಮವಸ್ತ್ರದ ಮೆರುಗು, ನೆಂಟರಿಷ್ಟರ ಮುಂದೆ ಹೇಳಿಕೊಳ್ಳಬಹುದಾದ ಸಂಬಳದ ಅಂಕಿ, ‘ನಮ್ಮ ಹುಡುಗ ಪೈಲಟ್’ ಎಂಬ ಮಾತಿನ ರುಚಿ, ಇವು ಬೇರೆ. ತಂದೆಯನ್ನು ಅಡಮಾನ ಪತ್ರದ ಮುಂದೆ ಕೂರಿಸುವುದು ಎಷ್ಟೋ ವೇಳೆ ಮಗನ ಒಲವಿಗಿಂತ ಹೆಚ್ಚಾಗಿ ತಂದೆಯದೇ ಆದ ಈ ರುಚಿ. ಒಂದೇ ಸಾಲ ಒಬ್ಬನಿಗೆ ವಿದ್ಯೆಯ ಬೆಲೆಯಾಗಿ, ಇನ್ನೊಬ್ಬನಿಗೆ ಮಾನಕಷಾಯದ ಬೆಲೆಯಾಗಿ ಪರಿಣಮಿಸುತ್ತದೆ.

ಇಲ್ಲಿಗೇ ನಿಂತರೆ ಇದು ಒಂದು ಮನೆಯ ಲೆಕ್ಕಾಚಾರ ಮಾತ್ರ. ಪ್ರಶ್ನೆಯ ನಿಜವಾದ ಭಾರ ಇರುವುದು ಇನ್ನೊಂದೆಡೆ. ವಿಮಾನ ಚಾಲಕನು ಪ್ರತಿ ಹಾರಾಟಕ್ಕೆ ಮುನ್ನ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಂದು ನಾನು ಹಾರಲು ಯೋಗ್ಯನೇ? ನಿದ್ರೆಯಾಗಿದೆಯೇ, ಜ್ವರವಿಲ್ಲವೇ, ಮನಸ್ಸು ನೆಟ್ಟಗಿದೆಯೇ? ಇದಕ್ಕೆ ಉತ್ತರವನ್ನು ಬಹುತೇಕ ಅವನೊಬ್ಬನೇ ಬಲ್ಲ. ಎಷ್ಟೋ ಸಂಸ್ಥೆಗಳಲ್ಲಿ ಸಂಬಳದ ಒಂದು ದೊಡ್ಡ ಪಾಲು ಹಾರಿದ ಗಂಟೆಗಳನ್ನು ಅವಲಂಬಿಸಿದೆ. ‘ಇಂದು ಆಗದು’ ಎಂದು ಪ್ರಾಮಾಣಿಕವಾಗಿ ಹೇಳಿದವನ ಆದಾಯ ತಗ್ಗುತ್ತದೆ. ಖಾಯಿಲೆಯೊಂದು ವೈದ್ಯರ ದಾಖಲೆಗೆ ಹೋದರೆ ಪರವಾನಗಿಯೇ ತಡೆಹಿಡಿಯಲ್ಪಡಬಹುದು. ಋಣಭಾರವಿಲ್ಲದವನಿಗೆ ಈ ಸತ್ಯ ಸುಲಭ. ತಿಂಗಳ ಐದನೆಯ ತಾರೀಖಿನ ಕಂತು ಕಣ್ಣ ಮುಂದಿರುವವನಿಗೆ ಅದು ದುಬಾರಿ. ಸತ್ಯಾಣುವ್ರತದ ಭಂಗವು ಇಲ್ಲಿ ಸುಳ್ಳಾಡುವ ಚಟದಿಂದ ಹುಟ್ಟುವುದಿಲ್ಲ, ಬ್ಯಾಂಕಿನ ಪುಸ್ತಕದಿಂದ ಹುಟ್ಟುತ್ತದೆ. ಅವನ ಬೆನ್ನ ಹಿಂದೆ ನೂರೆಂಬತ್ತು ಪ್ರಯಾಣಿಕರು ಕುಳಿತಿರುವುದರಿಂದ ಸತ್ಯದ ಭಂಗ ಅಹಿಂಸೆಯ ಭಂಗವಾಗಲು ಒಂದೇ ಹೆಜ್ಜೆ.

ಇದು ಬರಿಯ ತರ್ಕವಲ್ಲ. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಹತ್ತಿರ ಕೋಲ್ಗನ್ ಸಂಸ್ಥೆಯ ಚಿಕ್ಕ ವಿಮಾನವೊಂದು ಬಿದ್ದು 50 ಮಂದಿ ಮಡಿದರು. ವೇಗ ಕುಸಿದಾಗ ಚಾಲಕನು ಮಾಡಿದ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದು ತನಿಖೆ ನಿರ್ಣಯಿಸಿತು. ಆಯಾಸವೂ ಇದ್ದಿರಬಹುದು, ಎಷ್ಟರಮಟ್ಟಿಗೆ ಎಂದು ಹೇಳಲಾಗದು ಎಂದಿತು. ಆದರೆ ತನಿಖೆಯಲ್ಲಿ ಹೊರಬಂದ ಸಣ್ಣ ಸಂಗತಿಗಳೇ ಮನಸ್ಸನ್ನು ಹೆಚ್ಚು ಕಲಕುತ್ತವೆ. ತರುಣಿಯಾದ ಸಹಚಾಲಕಿ ಪಶ್ಚಿಮ ತೀರದ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ಪೂರ್ವ ತೀರದ ನೆವಾರ್ಕ್‌ಗೆ ಕೆಲಸಕ್ಕೆ ಬಂದಿದ್ದಳು. ಅವಳ ವಾರ್ಷಿಕ ವೇತನ ಸುಮಾರು 16,000 ಡಾಲರ್ ಎಂದು ವಿಚಾರಣೆಯಲ್ಲಿ ಹೇಳಲಾಯಿತು. ಸಂಸ್ಥೆ ಆಮೇಲೆ ಅದಕ್ಕಿಂತ ಹೆಚ್ಚಿನ ಅಂಕಿಯನ್ನು ಕೊಟ್ಟಿತು. ಅವಳಿಗೆ ನೆಗಡಿಯಾಗಿತ್ತು. ರಜೆ ಕೇಳಿದರೆ ಹೋಟೆಲಿನ ಖರ್ಚನ್ನು ತಾನೇ ಭರಿಸಬೇಕಾದೀತೆಂದು ಅವಳು ಸಹೋದ್ಯೋಗಿಯೊಡನೆ ಆಡಿದ ಮಾತು ಧ್ವನಿಮುದ್ರಿಕೆಯಲ್ಲಿ ಉಳಿದಿದೆ.

ಈ ದುರಂತದ ಬಳಿಕ ಅಮೆರಿಕ 2010ರಲ್ಲಿ ಕಾನೂನು ಮಾಡಿ, 2013ರಿಂದ ಸಹಚಾಲಕರಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವವನ್ನು ಕಡ್ಡಾಯಗೊಳಿಸಿತು. ಸುರಕ್ಷತೆಗೆಂದು ತಂದ ನಿಯಮವೇ ಹೊಸಬರ ದಾರಿಯನ್ನು ಇನ್ನಷ್ಟು ಉದ್ದವಾಗಿಸಿತು; ದಾರಿ ಉದ್ದವಾದಂತೆ ಸಾಲವನ್ನು ಹೊತ್ತು ನಡೆಯಬೇಕಾದ ಕಾಲವೂ ಬೆಳೆಯಿತು.

ಇಂಥ ಹಿಂಸೆಯ ಸಂಭವಕ್ಕೆ ಹೊಣೆ ಯಾರು? ಜೈನ ಕರ್ಮವಿಚಾರದಲ್ಲಿ ಮಾಡಿದವನೊಬ್ಬನೇ ಕರ್ತೃವಲ್ಲ. ಕೃತದ ಜೊತೆಗೆ ಕಾರಿತ ಮತ್ತು ಅನುಮೋದನೆಗಳೂ ಆಸ್ರವಕ್ಕೆ ದ್ವಾರಗಳೇ. ದಣಿದೂ ಹಾರಿದವನು ಕೃತದೋಷಿಯಾದರೆ, ತರಬೇತಿಯ ವೆಚ್ಚವನ್ನೂ ವ್ಯಾಪಾರದ ಅಪಾಯವನ್ನೂ ಕಲಿಯುವವನ ಹೆಗಲಿಗೆ ವರ್ಗಾಯಿಸಿ, ಆ ಬಳಿಕ ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ವ್ಯವಸ್ಥೆ ಕಾರಿತದ ದೋಷದಿಂದ ಹೇಗೆ ಪಾರಾದೀತು? ಒಂದು ಕಾಲಕ್ಕೆ ಹಲವು ಸಂಸ್ಥೆಗಳು ತಮಗೆ ಬೇಕಾದ ಚಾಲಕರನ್ನು ತಮ್ಮ ಖರ್ಚಿನಲ್ಲೇ ತಯಾರಿಸುತ್ತಿದ್ದವು. ಆಗ ನಷ್ಟವಾದರೆ ಅದನ್ನು ತಡೆದುಕೊಳ್ಳುವ ಶಕ್ತಿಯುಳ್ಳವರೇ ನಷ್ಟವನ್ನು ಹೊರುತ್ತಿದ್ದರು. ಇನ್ನು ಅನುಮೋದನೆ. ಅತಿ ಅಗ್ಗದ ಟಿಕೆಟು ಸಿಕ್ಕಿತೆಂದು ಹಿಗ್ಗುವ, ವಿಮಾನ ಒಂದು ಗಂಟೆ ತಡವಾದರೆ ಸಿಡಿಮಿಡಿಗೊಳ್ಳುವ ಪ್ರಯಾಣಿಕನು ಆ ಅಗ್ಗಕ್ಕೆ ಬೆಲೆ ತೆತ್ತವರು ಯಾರೆಂದು ವಿಚಾರಿಸುವುದಿಲ್ಲ. ತೀರ್ಥಯಾತ್ರೆಗೆ ಹೊರಟ ಶ್ರಾವಕನೂ ಅವರಲ್ಲೊಬ್ಬನು.

ಇಷ್ಟಾಗಿಯೂ ಮನೆಯವರ ಹೊಣೆ ಕಡಿಮೆಯಾಗದು. ಪರಿಗ್ರಹಪರಿಮಾಣದಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವುದು ರೂಢಿ. ಸಾಲ ಆ ಪಟ್ಟಿಯಲ್ಲಿಲ್ಲ. ಅದು ಇರುವ ವಸ್ತುವಲ್ಲ, ಇಲ್ಲದ ವಸ್ತು. ಆದರೂ ಚಿತ್ತವನ್ನು ಹಿಡಿದಿಡುವುದರಲ್ಲಿ ಸಾಲ ಸಂಪತ್ತಿಗಿಂತ ಬಲಶಾಲಿ. ಸಂಪತ್ತಿದ್ದವನು ರಾತ್ರಿ ಅದನ್ನು ಮರೆತು ಮಲಗಿಯಾನು, ಸಾಲಗಾರನಿಗೆ ಆರ್ತಧ್ಯಾನ ತಪ್ಪದು. ಆದ್ದರಿಂದ ಪರಿಮಾಣವು ಸಾಲಕ್ಕೂ ಸಲ್ಲಬೇಕು. ಅದೂ ರುಜು ಹಾಕುವ ಮುನ್ನವೇ.

ವ್ಯವಹಾರದಲ್ಲಿ ಇದರ ಅರ್ಥ ತೀರ ಸರಳ. ಅಡಿಕೆ ತೋಟವುಳ್ಳ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಮಗನು ಅರ್ಜಿ ಹಿಡಿದು ಬಂದಿದ್ದಾನೆ. ಕಿರಿಯ ಮಗಳ ಓದು ಇನ್ನೂ ಮುಗಿದಿಲ್ಲ. ಕೆಲಸಕ್ಕೆ ಮೂರು ವರ್ಷ ಕಾಯಬೇಕಾಗಿ ಬಂದರೆ ಕಂತನ್ನು ಯಾವುದರಿಂದ ಕಟ್ಟುವುದು, ತೋಟ ಹೋದರೆ ಮಗಳ ಪಾಲಿಗೆ ಏನು ಉಳಿಯುತ್ತದೆ, ಇಷ್ಟರಾಚೆಗೆ ಒಂದು ರೂಪಾಯಿಯನ್ನೂ ತರಲಾಗದೆಂದು ಹೇಳುವ ಅಂಕಿ ಯಾವುದು, ಇವನ್ನು ಒಂದು ಹಾಳೆಯ ಮೇಲೆ ಎಲ್ಲರೂ ಕುಳಿತು ಬರೆಯಬೇಕು. ಮಗಳೂ ಅಲ್ಲಿರಬೇಕು, ಏಕೆಂದರೆ ಅಡವಿಗೆ ಹೋಗುವುದು ಅವಳ ಪಾಲೂ ಹೌದು. ಮಗನ ಕಡೆಯಿಂದ ಬರೆಯಬೇಕಾದ ಒಂದು ಸಾಲೂ ಉಂಟು: ಜ್ವರ ಬಂದ ದಿನ ತಾನು ಹಾರುವುದಿಲ್ಲ, ಆ ತಿಂಗಳ ಕಂತು ತಪ್ಪಿದರೂ ಸರಿ. ಆ ಸಾಲಿನ ಕೆಳಗೆ ತಂದೆ ಮನಃಪೂರ್ವಕವಾಗಿ ರುಜು ಹಾಕಬಲ್ಲನಾದರೆ ಬ್ಯಾಂಕಿನ ಪತ್ರಕ್ಕೂ ಹಾಕಬಹುದು.